ಸುಂದರಬನ ಗೊತ್ತು, ಸವಳು ಗೊತ್ತಿಲ್ಲ

ಕಳೆದ ತಿಂಗಳು ರಾಮದುರ್ಗದಿಂದ ಅಕ್ಕನ ಮಗಳ ಫೋನು. ಡಿಗ್ರಿ ಓದ್ತಿದಾಳೆ. "ಮಾಮಾ, ಇವಿಎಸ್‌ಗೆ ಒಂದು ಪ್ರಾಜೆಕ್ಟ್ ಕೊಡಬೇಕ್ರಿ. ಇಪ್ಪತ್ತು ಪೇಜು. ನಿಮ್ಮ ಲ್ಯಾಪ್‌ಟಾಪಿನ್ಯಾಗ ಮಾಡಿ ಕಳಸ್ರಿ, ನಾ ಇಲ್ಲಿ ಝೆರಾಕ್ಸ್ ಅಂಗಡ್ಯಾಗ ಪ್ರಿಂಟ್ ತಗಸ್ತೀನಿ" ಅಂದಳು. ವಿಷಯ ಏನವಾ ಅಂದೆ. "ಸುಂದರಬನದ ಮ್ಯಾಂಗ್ರೋವ್ ಕಾಡು."

ನನಗೆ ಏನು ಹೇಳಬೇಕೋ ತಿಳೀಲಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಇವಳ ಓಣಿಗೇ ಬಂದಿತ್ತು. ಆಗ ಇವಳು ಏಳನೇತ್ತ. ಅಕ್ಕ-ಭಾವ ಕೈಗೆ ಸಿಕ್ಕ ಗಂಟು ಕಟ್ಟಿಕೊಂಡು, ಇವಳನ್ನೂ ತಮ್ಮನನ್ನೂ ಕರಕೊಂಡು ಎತ್ತರದಲ್ಲಿದ್ದ ನೆಂಟರ ಮನೆ ಸೇರಿದ್ದರು. ನೀರು ಇಳಿದು ಮನೆಗೆ ವಾಪಸ್ ಹೋದಾಗ ಕಾಳಿನ ಚೀಲ ಎಲ್ಲಾ ಮೊಳಕೆ ಒಡೆದು ನಾರುತ್ತಿದ್ದವು. ಈಗಲೂ ಆ ಮನೆಯ ಗೋಡೆಯಲ್ಲಿ ನೀರು ನಿಂತ ಗೆರೆ ಇದೆ. ಎರಡು ಸಲ ಸುಣ್ಣ ಬಳಿದರೂ ಹೋಗಿಲ್ಲ.

"ಮ್ಯಾಂಗ್ರೋವ್ ಬಿಡವಾ, ಮಲಪ್ರಭೆ ಮ್ಯಾಲೆ ಬರಿ" ಅಂದೆ.

"ಅದೇನ್ ಇವಿಎಸ್ ಏನ್ರಿ ಮಾಮಾ? ಅದು ನಮ್ಮ ಹೊಳಿ."

ಈ ಲೇಖನ ಅವಳ ಮೇಲಿನ ಸಿಟ್ಟಲ್ಲ. ಅವಳ ಬಾಯಲ್ಲಿ ಆ ಮಾತು ಬರೋ ಹಾಗೆ ಹನ್ನೆರಡು ವರ್ಷದ ಶಾಲೆ, ಅದರ ಮೇಲೆ ಕಾಲೇಜು ಸೇರಿ ಕಲಿಸಿವೆಯಲ್ಲ, ಅದರ ಮೇಲಿನ ಸಿಟ್ಟು. ಪರಿಸರ ಅಂದರೆ ಎಲ್ಲೋ ದೂರದ್ದು. ಟಿವಿಯಲ್ಲಿ ಬರೋದು, ಹುಲಿ ಇರೋದು, ಸಮುದ್ರ ಇರೋದು. ಮನೆ ಮುಂದಿನ ಹೊಳೆ, ಅಜ್ಜನ ಹೊಲ, ಊರ ಹಿಂದಿನ ಗುಡ್ಡ ಇವೆಲ್ಲಾ ಪರಿಸರ ಅಲ್ಲ, ಬರೀ "ನಮ್ಮ ಕಡೆ". ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಸಾವಿರಾರು ಮಕ್ಕಳು ಪ್ರತಿ ವರ್ಷ ಪರಿಸರ ಅಧ್ಯಯನ ಪಾಸಾಗ್ತಾರೆ. ಅವರಲ್ಲಿ ಎಷ್ಟು ಜನಕ್ಕೆ ತಮ್ಮ ಹೊಲ ಯಾಕೆ ಬೆಳ್ಳಗಾಯಿತು ಅಂತ ಹೇಳಲು ಬರುತ್ತೆ? ನನಗಂತೂ ಬರುತ್ತಿರಲಿಲ್ಲ. ಇವಿಎಸ್‌ನಲ್ಲಿ ನನಗೆ ನೂರಕ್ಕೆ ಎಪ್ಪತ್ತೆಂಟು ಬಂದಿತ್ತು.

ಮೊದಲು ಈ ವಿಷಯ ನಮ್ಮ ಪಠ್ಯಕ್ಕೆ ಹೇಗೆ ಬಂತು ನೋಡೋಣ. ಇದು ಸರ್ಕಾರಕ್ಕೆ ತಾನಾಗೇ ಹೊಳೆದ ಜ್ಞಾನೋದಯ ಏನಲ್ಲ. ವಕೀಲ ಎಂ.ಸಿ. ಮೆಹ್ತಾ ಹಾಕಿದ ಅರ್ಜಿ ಮೇಲೆ 1991ರ ನವೆಂಬರ್ 22ರಂದು ಸುಪ್ರೀಂ ಕೋರ್ಟು, ಶಾಲೆ-ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕು ಅಂತ ಹೇಳಿತು. ಹತ್ತು ವರ್ಷ ಕಳೆದರೂ ಆಗಬೇಕಾದಷ್ಟು ಆಗಲಿಲ್ಲ, ಕೋರ್ಟು ಮತ್ತೆ ಕಿವಿ ಹಿಂಡಬೇಕಾಯಿತು. ಆಮೇಲೆ ಯುಜಿಸಿ ಎಲ್ಲಾ ಪದವಿ ಕೋರ್ಸುಗಳಿಗೆ ಆರು ತಿಂಗಳ ಒಂದು ಪಠ್ಯಕ್ರಮ ಮಾಡಿತು. ಬಿಎ ಇರಲಿ, ಬಿಕಾಂ ಇರಲಿ, ಎಂಜಿನಿಯರಿಂಗ್ ಇರಲಿ, ಎಲ್ಲರೂ ಓದಲೇಬೇಕು.

ನೀವೂ ಓದಿದ್ದೀರಿ. ನೆನಪಿದೆಯಾ? ಇಕೋಸಿಸ್ಟಂ ಅಂದರೇನು, ಎರಡು ಅಂಕ. ಆಹಾರ ಸರಪಳಿಗೆ ಉದಾಹರಣೆ ಕೊಡಿ: ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು. ಇಕಾಲಜಿ ಪದ ಕಟ್ಟಿದವರು ಯಾರು: ಎರ್ನ್ಸ್ಟ್ ಹೆಕೆಲ್, 1866. ಮೂಲ ಗ್ರೀಕಿನ 'ಓಯ್ಕೋಸ್', ಅಂದರೆ ಮನೆ. ಪರೀಕ್ಷೆಗೆ ಹಿಂದಿನ ರಾತ್ರಿ ಇಷ್ಟು ಬಾಯಿಪಾಠ ಮಾಡಿ, ಬರೆದು, ಮರೆತು ಬಂದ್ವಿ. ಮನೆಯ ಬಗ್ಗೆ ತಿಳಿಯೋ ಶಾಸ್ತ್ರ ಅಂತ ಬರೆದ್ವಿ, ನಮ್ಮ ಮನೆ ಬಗ್ಗೆ ಒಂದು ಸಾಲೂ ಬರೀಲಿಲ್ಲ.

ಇದಕ್ಕೆ ಪಠ್ಯಕ್ರಮ ಮಾಡಿದವರನ್ನು ಬಯ್ಯೋದು ಸುಲಭ. ನಾನೂ ಬಹಳ ವರ್ಷ ಹಾಗೇ ಬೈಕೊಂಡು ತಿರುಗಿದೆ. ಆಮೇಲೊಂದು ದಿನ ಯುಜಿಸಿಯ ಆ ಮೂಲ ಪಠ್ಯಕ್ರಮವನ್ನೇ ತೆಗೆದು ಓದಿದೆ. ಓದಿ ನಾಚಿಕೆಯಾಯ್ತು. ಎಂಟು ಘಟಕ, ಐವತ್ತು ತಾಸು. ಎಂಟನೇ ಘಟಕದ ಹೆಸರೇ ಕ್ಷೇತ್ರಕಾರ್ಯ. ನಿಮ್ಮ ಸುತ್ತಲಿನ ಹೊಳೆ, ಕಾಡು, ಹುಲ್ಲುಗಾವಲು, ಗುಡ್ಡ ಯಾವುದಾದರೂ ಒಂದಕ್ಕೆ ಹೋಗಿ ದಾಖಲಿಸಿ. ಮಲಿನವಾದ ಒಂದು ಜಾಗ ನೋಡಿ ಬನ್ನಿ. ಗಿಡ, ಹುಳ, ಹಕ್ಕಿ ಗುರುತಿಸಿ. ಕೆರೆ, ಹೊಳೆ, ಗುಡ್ಡದ ಇಳಿಜಾರು ಇಂಥ ಸರಳ ಪರಿಸರ ವ್ಯವಸ್ಥೆ ಅಭ್ಯಾಸ ಮಾಡಿ. ಇದಕ್ಕೆ ಐದು ತಾಸು ಮತ್ತು ನೂರರಲ್ಲಿ 25 ಅಂಕ. ಕಾಲು ಭಾಗ ರೀ! ಹೊರಗೆ ಹೋಗು, ನಿನ್ನ ಊರು ನೋಡು ಅಂತ ಪುಸ್ತಕವೇ ಹೇಳಿತ್ತು. ನಾವು ಆ ಕಾಲು ಭಾಗವನ್ನು ಝೆರಾಕ್ಸ್ ಅಂಗಡಿಗೆ ಕೊಟ್ಟುಬಿಟ್ವಿ.

ನಾನು ಓದಿದ ಕಾಲೇಜಿನಲ್ಲಿ ಆ 25 ಅಂಕಕ್ಕೆ ಒಂದು ರೆಕಾರ್ಡು ಬುಕ್ಕು. ಹಿಂದಿನ ವರ್ಷದವರದ್ದು ಇಸಕೊಂಡು, ಹೊದಿಕೆ ಬದಲಾಯಿಸಿ ಕೊಟ್ಟರೆ ಆಯ್ತು. ನನ್ನ ರೆಕಾರ್ಡಿನಲ್ಲಿ "ಅರಣ್ಯ ಪರಿಸರ ವ್ಯವಸ್ಥೆಗೆ ಭೇಟಿ" ಅಂತ ಆರು ಪುಟ ಇತ್ತು. ಆ ಕಾಡಿಗೆ ನಾನೂ ಹೋಗಿರಲಿಲ್ಲ, ನನಗೆ ಬುಕ್ಕು ಕೊಟ್ಟವನೂ ಹೋಗಿರಲಿಲ್ಲ, ಅವನಿಗೆ ಕೊಟ್ಟವಳೂ ಹೋಗಿರಲಿಲ್ಲ. ನನಗೆ 22 ಬಂತು.

ಅದೇ ವರ್ಷ ನಮ್ಮಪ್ಪ ಹೊಲದಲ್ಲಿ ಕೂತು ತಲೆ ಕೆರಕೋತಿದ್ದ.

ನಮ್ಮದು ಸವದತ್ತಿ ತಾಲೂಕಿನಲ್ಲಿ ಮಲಪ್ರಭಾ ಕಾಲುವೆ ಬಾಜೂಕ ನಾಲ್ಕು ಎಕರೆ ಎರಿ ಹೊಲ. ಅಜ್ಜನ ಕಾಲದಲ್ಲಿ ಹಿಂಗಾರಿ ಬಿಳಿಜೋಳ, ಕಡ್ಲಿ, ಸುತ್ತ ನಾಲ್ಕು ಸಾಲು ಕುಸುಬಿ. ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದು ಎಪ್ಪತ್ತರ ದಶಕದಲ್ಲಿ ನೀರು ಬಂತು. ಮೊದಲು ಗೋವಿನಜೋಳ, ಆಮೇಲೆ ಕಬ್ಬು. ಮೊದಮೊದಲು ಬೆಳೆ ಅಂದರೆ ಬೆಳೆ. ಮನೆ ಮೇಲೆ ಸ್ಲ್ಯಾಬು ಬಿತ್ತು, ಅಕ್ಕನ ಮದುವೆಯಾಯ್ತು. ಆಮೇಲೆ ಹೊಲದ ತಗ್ಗಿನ ಮೂಲೆಯಲ್ಲಿ ಕಬ್ಬು ಗಿಡ್ಡಾಯ್ತು. ಮರುವರ್ಷ ಅಲ್ಲಿ ಹುಟ್ಟಲೇ ಇಲ್ಲ. ಬ್ಯಾಸಿಗ್ಯಾಗ ನೋಡಿದರೆ ಮಣ್ಣಿನ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿಳೀ ಪದರ. ಅಪ್ಪ ಏನು ಮಾಡಿದ ಗೊತ್ತಾ? ಉಪ್ಪು ತೊಳೆದು ಹೋಗಲಿ ಅಂತ ಇನ್ನೂ ನೀರು ಬಿಟ್ಟ. ಮೂಲೆಯಲ್ಲಿದ್ದದ್ದು ಅರ್ಧ ಎಕರೆಗೆ ಬಂತು.

ನಾನು ಶನಿವಾರ ಊರಿಗೆ ಹೋಗಿ ಅದನ್ನು ನೋಡ್ತಿದ್ದೆ, ಸೋಮವಾರ ಕಾಲೇಜಿಗೆ ಬಂದು "ಲವಣೀಕರಣ ಮತ್ತು ಜಲಾವೃತ ಸ್ಥಿತಿ, ಟಿಪ್ಪಣಿ ಬರೆಯಿರಿ" ಅನ್ನೋದಕ್ಕೆ ಐದು ಅಂಕದ ಉತ್ತರ ಬಾಯಿಪಾಠ ಮಾಡ್ತಿದ್ದೆ. ಎರಡೂ ಒಂದೇ ಅಂತ ನನಗೆ ಹೊಳೀಲಿಲ್ಲ. ನಮ್ಮ ಕಡೆ ಅದಕ್ಕೆ ಸವಳು-ಜವಳು ಅಂತಾರೆ. ಸವಳು ಅಂದರೆ ಉಪ್ಪೇರಿದ್ದು, ಜವಳು ಅಂದರೆ ನೀರು ಹಿಡಿದು ಕೂತದ್ದು. ಪುಸ್ತಕದಲ್ಲಿ ಆ ಎರಡು ಪದ ಇದ್ದಿದ್ದರೆ ಸಾಕಿತ್ತು, ನಾನು ಅವತ್ತೇ ಅಪ್ಪನ ಹತ್ತಿರ ಓಡಿ ಹೋಗ್ತಿದ್ದೆ.

ಓಡಿ ಹೋಗಿ ಏನು ಹೇಳ್ತಿದ್ದೆ? ಇಷ್ಟೇ. ಎರಿ ಮಣ್ಣು ಜಿಗುಟು ಮಣ್ಣು. ನೀರು ಹಿಡಿದಿಡೋದರಲ್ಲಿ ಅದಕ್ಕೆ ಸಮ ಇಲ್ಲ, ಬಸಿದು ಬಿಡೋದರಲ್ಲಿ ಅದಕ್ಕಿಂತ ಜಿಪುಣ ಇಲ್ಲ. ಅದಕ್ಕೇ ಬಿತ್ತಿದ ಮೇಲೆ ಮಳೆ ಬರದಿದ್ದರೂ ಹಿಂಗಾರಿ ಜೋಳ ಬರುತ್ತೆ, ಒಳಗಿನ ಹಸಿಯ ಮೇಲೇ. ಅದೇ ಮಣ್ಣಿಗೆ ವರ್ಷಾನುಗಟ್ಟಲೆ ಕಾಲುವೆ ನೀರು ಬಿಟ್ಟರೆ ಕೆಳಗೆ ಇಳಿಯಲು ದಾರಿ ಇಲ್ಲದೆ ಅಂತರ್ಜಲ ಮೇಲೇರುತ್ತೆ. ಬೇರಿನ ಹತ್ತಿರ ಬಂದಾಗ ಬೇರಿಗೆ ಉಸಿರಿಲ್ಲ. ಇನ್ನೂ ಮೇಲೆ ಬಂದಾಗ, ದೀಪದ ಬತ್ತಿ ಎಣ್ಣೆ ಎಳಕೊಂಡ ಹಾಗೆ ಮಣ್ಣು ಆ ನೀರನ್ನು ಮೇಲಕ್ಕೆ ಎಳೀತದೆ. ಬಿಸಿಲಿಗೆ ನೀರು ಆವಿಯಾಗುತ್ತೆ. ಉಪ್ಪು ಉಳಿಯುತ್ತೆ.

ಎಷ್ಟು ಉಪ್ಪು? ಒಂದು ಲೆಕ್ಕ ಹಾಕೋಣ, ನಿಮಗೆ ಎಕ್ಸೆಲ್ಲು ಬರುತ್ತಲ್ಲ. ಒಂದು ಲೀಟರ್ ನೀರಿನಲ್ಲಿ 200 ಮಿಲಿಗ್ರಾಂ ಲವಣ ಇದೆ ಅಂತಿಟ್ಟುಕೊಳ್ಳಿ. ಕುಡಿಯಲು ಒಳ್ಳೆ ನೀರು ಅದು. ಒಂದು ಎಕರೆಗೆ ವರ್ಷಕ್ಕೆ ಒಂದು ಮೀಟರ್ ಆಳದಷ್ಟು ನೀರು ಹಾಯಿಸಿದರೆ 40 ಲಕ್ಷ ಲೀಟರು. ಗುಣಿಸಿ: ವರ್ಷಕ್ಕೆ 800 ಕೆ.ಜಿ. ಉಪ್ಪು ಒಂದೇ ಎಕರೆಗೆ. ನಾವೇ ಬಿತ್ತಿದ್ದು! ಮಣ್ಣಿನೊಳಗೆ ಮೊದಲೇ ಇದ್ದದ್ದು ಬೇರೆ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಇಪ್ಪತ್ತು ವರ್ಷದಲ್ಲಿ ಏನಾಗಬೇಕೋ ಅದೇ ಆಗಿದೆ. ಹಂಗಾಗಿ ಮೊದಲು ಬೇಕಿದ್ದದ್ದು ಇನ್ನಷ್ಟು ನೀರಲ್ಲ, ಬಸಿಗಾಲುವೆ. ನೀರು ಹೊರಗೆ ಹೋಗಲು ದಾರಿ ಮಾಡಿ, ಆಮೇಲೆ ತೊಳೀಬೇಕು. ಮಣ್ಣು ಪರೀಕ್ಷೆಯಲ್ಲಿ ಸೋಡಿಯಂ ಜಾಸ್ತಿ ಅಂತ ಬಂದರೆ ಜಿಪ್ಸಂ. ಡಯಂಚಾ ಬಿತ್ತಿ ಮಣ್ಣಿಗೆ ಸೇರಿಸಬೇಕು. ನೀರು ಕಡಿಮೆ ಬೇಡೋ ಬೆಳೆಗೆ ತಿರುಗಬೇಕು. ಇದಿಷ್ಟೂ ವಸ್ತುಚಕ್ರ, ಮಿತಿಯ ಅಂಶ, ಸಹಿಷ್ಣುತೆ ಅನ್ನೋ ಪಾಠಗಳೇ. ಎಲ್ಲವೂ ನನ್ನ ನೋಟ್ಸಿನಲ್ಲಿತ್ತು.

ನೀರು ಬಂದರೆ ಭೂಮಿ ಸುಧಾರಿಸುತ್ತೆ ಅನ್ನೋದು ನಮ್ಮಪ್ಪನ ಒಬ್ಬನ ನಂಬಿಕೆಯಲ್ಲ, ಸರ್ಕಾರದ್ದೂ ಅದೇ ಆಗಿತ್ತು. ಎಷ್ಟರ ಮಟ್ಟಿಗೆ ಅಂದರೆ, ಮಲಪ್ರಭೆ ನೀರು ಹೋದ ಹೊಲಗಳು ಉತ್ತಮವಾದವು ಅಂತ ಅವುಗಳ ಮೇಲೆ ಬೆಟರ್‌ಮೆಂಟ್ ಲೆವಿ ಹಾಕಿತು. ಅದರ ವಿರುದ್ಧ ಎದ್ದ ಸಿಟ್ಟೇ 1980ರ ಜುಲೈ 21ರ ನರಗುಂದ-ನವಲಗುಂದ ಬಂಡಾಯ, ಗೋಲಿಬಾರು, ರೈತರ ಸಾವು. ಕರ್ನಾಟಕದ ರೈತ ಚಳವಳಿ ಗಟ್ಟಿಯಾಗಿ ಎದ್ದಿದ್ದೇ ಅಲ್ಲಿಂದ. ಪ್ರತಿ ಜುಲೈ 21ಕ್ಕೆ ಹುತಾತ್ಮರಿಗೆ ಹೂ ಹಾಕ್ತೀವಿ. ಆದರೆ 'ಬೆಟರ್‌ಮೆಂಟ್' ಅಂದರೆ ಯಾವ ಮಣ್ಣಿಗೆ, ಎಷ್ಟು ನೀರಿಗೆ, ಎಷ್ಟು ವರ್ಷಕ್ಕೆ ಅನ್ನೋ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರೋದಿಲ್ಲ.

ಈಗ ಮಹದಾಯಿ ನೋಡಿ. ಕಳಸಾ-ಬಂಡೂರಿ ಘೋಷಣೆ ಕೂಗದ ಹುಡುಗ ನಮ್ಮ ಕಡೆ ಇಲ್ಲ. ನಾನೂ ಕೂಗಿದ್ದೇನೆ, ಈಗಲೂ ಕೂಗ್ತೀನಿ. 2018ರ ಆಗಸ್ಟ್ 14ರಂದು ನ್ಯಾಯಮಂಡಳಿ ಮಲಪ್ರಭೆಗೆ ತಿರುಗಿಸಿಕೊಳ್ಳಲು ಕೊಟ್ಟದ್ದು 3.9 ಟಿಎಂಸಿ, ಅದೂ ಕುಡಿಯೋ ನೀರಿನ ಹೆಸರಲ್ಲಿ. ನವಿಲುತೀರ್ಥದ ರೇಣುಕಾಸಾಗರದ ಸಾಮರ್ಥ್ಯ 37 ಟಿಎಂಸಿಗೂ ಮೇಲೆ. ಅಂದರೆ ಹತ್ತರಲ್ಲಿ ಒಂದು ಪಾಲು. ಆ ಒಂದು ಪಾಲಿಗಾಗಿ ಬೀದಿಗಿಳಿದಿದ್ದು ನ್ಯಾಯ. ಆದರೆ ಈಗಾಗಲೇ ಇರೋ ಹತ್ತು ಪಾಲು ಯಾವ ಬೆಳೆಗೆ ಹೋಗ್ತಿದೆ, ಎಷ್ಟು ಹೊಲ ಸವಳಾಗ್ತಿದೆ ಅಂತ ಒಂದು ಸಲನಾದರೂ ಕೇಳಿದೆವಾ? ಕೇಳಲು ಮೊದಲು ತಿಳಿದಿರಬೇಕಲ್ಲ.

ಈ ನಾಲ್ಕು ತಾಲೂಕುಗಳಲ್ಲಿ ಪರಿಸರ ಶಾಸ್ತ್ರದ ಪಾಠಕ್ಕೆ ಬೇಕಾದ್ದು ಏನಿಲ್ಲ ಹೇಳಿ? ಕಿತ್ತೂರಿನಲ್ಲಿ ಬೆಳಿಗ್ಗೆ ಬಸ್ಸು ಹತ್ತಿ. ಕಿಟಕಿ ಪಕ್ಕ ಕೂತು ಬೈಲಹೊಂಗಲ, ಸವದತ್ತಿ ದಾಟಿ ರಾಮದುರ್ಗಕ್ಕೆ ಬನ್ನಿ. ಹೆಚ್ಚುಕಮ್ಮಿ ನೂರು ಕಿಲೋಮೀಟರು, ಊಟದ ಹೊತ್ತಿಗೆ ಇಳೀತೀರಿ. ಕಿತ್ತೂರಿನ ಕಡೆ ಮಲೆನಾಡಿನ ಸೆರಗು, ಮಾವು, ಭತ್ತ. ಬೈಲಹೊಂಗಲಕ್ಕೆ ಬಂದರೆ ಎರಿ ಭೂಮಿ, ಹತ್ತಿ, ಕಬ್ಬು, ಕಡ್ಲಿ. ಸವದತ್ತಿಯಲ್ಲಿ ಕಲ್ಲುಗುಡ್ಡ, ಕುರುಚಲು, ನಡುವೆ ಕಾಲುವೆಯ ಹಸಿರು. ರಾಮದುರ್ಗಕ್ಕೆ ಬರೋ ಹೊತ್ತಿಗೆ ಜಾಲಿ, ಕುರಿ ಹಿಂಡು. ಕೃಷಿ ಇಲಾಖೆಯವರ ನಕ್ಷೆಯಲ್ಲಿ ಬೈಲಹೊಂಗಲ ಉತ್ತರದ ಪರಿವರ್ತನಾ ವಲಯ, ಸವದತ್ತಿ-ರಾಮದುರ್ಗ ಉತ್ತರದ ಒಣ ವಲಯ. ಮಲಪ್ರಭೆ ಹುಟ್ಟೋ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಮಳೆ ಸಾವಿರ ಸಾವಿರ ಮಿಲಿಮೀಟರಿನ ಲೆಕ್ಕ. ಅದೇ ಹೊಳೆ ಹರಿದು ಬರೋ ರಾಮದುರ್ಗದಲ್ಲಿ ಐದಾರು ನೂರರ ಲೆಕ್ಕ. ಎರಡು ವಲಯ ಸೇರೋ ಜಾಗಕ್ಕೆ ಇಕೋಟೋನ್ ಅಂತಾರೆ, ಎರಡು ಅಂಕ. ನಾನು ಆ ಬಸ್ಸಿನಲ್ಲಿ ನೂರಾರು ಸಲ ಓಡಾಡಿದ್ದೇನೆ. ಮುಕ್ಕಾಲು ಪಾಲು ನಿದ್ದೆ ಮಾಡಿದ್ದೇನೆ.

ಬೈಲಹೊಂಗಲದ ಹತ್ತಿ ಪೇಟೆಗೆ ಬನ್ನಿ. 2002ರಲ್ಲಿ ದೇಶಕ್ಕೆ ಬಿಟಿ ಹತ್ತಿ ಬಂತು. ಬೀಜದ ಪಾಕೀಟಿನ ಜೊತೆ ಒಂದು ಸಣ್ಣ ಪುಡಿಕೆ ಬರ್ತಿತ್ತು: 450 ಗ್ರಾಂ ಬಿಟಿ ಬೀಜಕ್ಕೆ 120 ಗ್ರಾಂ ಸಾದಾ ಬೀಜ. ಹೊಲದ ಸುತ್ತ ಅದನ್ನು ಹಾಕಬೇಕು ಅಂತ ನಿಯಮ. ರೈತರು ಏನು ಮಾಡಿದರು? ಬಹಳ ಮಂದಿ ಬದುವಿನ ಮೇಲೆ ಎಸೆದರು. ಹುಳ ತಿನ್ನೋ ಹತ್ತಿ ಯಾರಿಗೆ ಬೇಕು? ಆ ಪುಡಿಕೆ ಯಾಕಿತ್ತು ಅಂದರೆ, ವಿಷಕ್ಕೆ ಜಗ್ಗದ ಹುಳ ಎಲ್ಲೋ ಒಂದೆರಡು ಇದ್ದೇ ಇರ್ತಾವೆ. ಹೊಲದ ತುಂಬ ವಿಷದ ಗಿಡವೇ ಇದ್ದರೆ ಅವಷ್ಟೇ ಉಳೀತಾವೆ, ಅವೇ ಒಂದಕ್ಕೊಂದು ಕೂಡ್ತಾವೆ, ಮುಂದಿನ ಪೀಳಿಗೆಗೆ ಎಲ್ಲವೂ ಜಗ್ಗದ ಹುಳವೇ. ಪಕ್ಕದಲ್ಲಿ ಸಾದಾ ಗಿಡ ಇದ್ದರೆ ಅಲ್ಲಿ ಬೆಳೆದ ಸಾದಾ ಹುಳ ಇವುಗಳ ಜೊತೆ ಕೂಡಿ ಆ ಗುಣ ತೆಳುವಾಗ್ತಾ ಹೋಗುತ್ತೆ. ಮುಂದೇನಾಯ್ತು ನಿಮಗೆ ಗೊತ್ತು. ಗುಲಾಬಿ ಕಾಯಿಕೊರಕ ಬಿಟಿಯನ್ನೇ ಅರಗಿಸಿಕೊಂಡಿತು, ಔಷಧಿ ಡಬ್ಬಿ ಮತ್ತೆ ಹೆಗಲೇರಿತು. ಆ ಪುಡಿಕೆ ಎಸೆದವರ ಮಕ್ಕಳು ಅದೇ ವರ್ಷ ಡಾರ್ವಿನ್ನನ ನೈಸರ್ಗಿಕ ಆಯ್ಕೆ ಬಗ್ಗೆ ಓದ್ತಿದ್ದರು, ಜಿರಾಫೆಯ ಕುತ್ತಿಗೆ ಉದ್ದ ಆದ ಉದಾಹರಣೆಯಲ್ಲಿ. ಜಿರಾಫೆ! ಬೈಲಹೊಂಗಲದಲ್ಲಿ!

ಇನ್ನು ಗುಡ್ಡ. ಪ್ರತಿ ಜೂನ್ 5ಕ್ಕೆ ಯಾವುದಾದರೂ ಸಂಸ್ಥೆ, ಯಾವುದಾದರೂ ಕಾಲೇಜಿನ ಎನ್‌ಎಸ್‌ಎಸ್ ಹುಡುಗರು ನಮ್ಮ ಗುಡ್ಡಗಳಿಗೆ ಬಂದು ಸಸಿ ನೆಟ್ಟು ಫೋಟೋ ತೆಗೆಸಿಕೊಂಡು ಹೋಗ್ತಾರೆ. ಯಾಕಪ್ಪಾ ಅಂದರೆ "ಗುಡ್ಡ ಬೋಳಾಗಿದೆ". ಬೋಳಲ್ಲ ರೀ, ಅದು ಹುಲ್ಲುಗಾವಲು. ತೆಳು ಮಣ್ಣು, ಕಡಿಮೆ ಮಳೆ. ಅಲ್ಲಿ ಹುಲ್ಲು, ಕುರುಚಲು ಇರೋದೇ ಆರೋಗ್ಯ. ಅದನ್ನು ನಂಬಿ ಕುರಿಗಾರರಿದ್ದಾರೆ, ತೋಳ ಇದೆ, ಚಿಗರಿ ಇದೆ, ನೆಲದ ಮೇಲೆ ಗೂಡು ಕಟ್ಟೋ ಹಕ್ಕಿಗಳಿವೆ. ರಾಮದುರ್ಗದಾಚೆ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಇಂಥದ್ದೇ ಕುರುಚಲು ಭೂಮಿಯನ್ನು 2016ರಲ್ಲಿ ಚಿಂಕಾರಾ ವನ್ಯಜೀವಿಧಾಮ ಅಂತ ಘೋಷಿಸಿದರು. ಅಲ್ಲಿ ವನ್ಯಜೀವಿಧಾಮ, ಇಲ್ಲಿ ಬೀಳು ಭೂಮಿ. ಬೀಳು ಅಂತ ಕಾಗದದಲ್ಲಿ ಬರೆದುಬಿಟ್ಟರೆ ಅಲ್ಲಿ ಏನು ಬೇಕಾದರೂ ಮಾಡಬಹುದು: ನೀಲಗಿರಿ ನೆಡಬಹುದು, ಕಲ್ಲು ಒಡೀಬಹುದು, ಊರ ಕಸ ಸುರೀಬಹುದು. ಪರಿಸರ ಅಂದರೆ ಮರ ಅಂತ ಕಲಿಸಿದ್ದರ ಫಲ ಇದು.

ಹೊಳೆಯದ್ದೂ ಅದೇ ಕಥೆ. ಅಣೆಕಟ್ಟು ಎಷ್ಟೋ ವರ್ಷ ಪೂರ್ತಿ ತುಂಬಲಿಲ್ಲ. ಕೆಳಗೆ ಹೊಳೆ ಸಣ್ಣದಾಯಿತು. ಸಣ್ಣದಾದ ಹೊಳೆಯ ಮಗ್ಗುಲಿಗೆ ನಾವು ಒಂದೊಂದೇ ಸಾಲು ಮುಂದೆ ಬಿತ್ತುತ್ತಾ ಹೋದ್ವಿ, ಮನೆ ಕಟ್ಟುತ್ತಾ ಹೋದ್ವಿ. ಹೊಳೆ ಅಂದರೆ ಬರೀ ನೀರು ಹರಿಯೋ ಗೆರೆ ಅಲ್ಲ, ಅದು ಉಕ್ಕಿದಾಗ ಹರಡಿಕೊಳ್ಳೋ ಬಯಲೂ ಹೊಳೆಯೇ ಅನ್ನೋದು ಮೊದಲ ಪಾಠದ ಮಾತು. 2019ರಲ್ಲಿ ಘಟ್ಟದಲ್ಲಿ ಮಳೆ ಸುರಿದು, ಅಣೆಕಟ್ಟು ತುಂಬಿ, ಗೇಟು ತೆಗೆದಾಗ ಮುನವಳ್ಳಿಯಿಂದ ರಾಮದುರ್ಗದವರೆಗೆ ಆ ಪಾಠ ಎಲ್ಲರ ಮನೆಯೊಳಗೆ ಬಂತು. ಆಮೇಲೆ ಪರಿಹಾರದ ಚೆಕ್ಕು ಬಂತು. ಪಾಠ ಮಾತ್ರ ಯಾವ ಪುಸ್ತಕಕ್ಕೂ ಬರಲಿಲ್ಲ.

ಇಷ್ಟು ಹೇಳಿದರೆ ಕೆಲವರು ಮೂರು ಮಾತು ಹೇಳ್ತಾರೆ. ನನ್ನ ಆಫೀಸಿನ ಗೆಳೆಯರೇ ಹೇಳಿದ್ದಾರೆ, ಹಾಗಾಗಿ ಉತ್ತರ ಕೊಟ್ಟೇ ಮುಂದೆ ಹೋಗ್ತೀನಿ.

ಒಂದು: ನಾಳೆ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಸುಂದರಬನ ಕೇಳ್ತಾರೆ, ಸವಳು ಕೇಳಲ್ಲ. ಸರಿ, ಸುಂದರಬನವನ್ನೂ ಓದಲಿ. ಆದರೆ ಉಪ್ಪು ನೀರಿನಲ್ಲಿ ಗಿಡ ಹೇಗೆ ಬದುಕುತ್ತೆ ಅನ್ನೋದೇ ಮ್ಯಾಂಗ್ರೋವ್ ಪಾಠದ ತಿರುಳು. ಉಪ್ಪು ಮಣ್ಣಿನಲ್ಲಿ ಕಬ್ಬು ಯಾಕೆ ಸಾಯುತ್ತೆ ಅಂತ ಕಂಡವಳಿಗೆ ಅದು ಒಂದೇ ಓದಿಗೆ ತಲೆಗೆ ಹೋಗುತ್ತೆ. ಊರಿನಿಂದ ಶುರು ಮಾಡಿದರೆ ಜಗತ್ತು ಚಿಕ್ಕದಾಗಲ್ಲ.

ಎರಡು: ಪಾಪ, ಮೇಷ್ಟ್ರು ಏನು ಮಾಡ್ತಾರೆ? ಇದು ನಿಜ. ಇವಿಎಸ್ ಯಾರಿಗೂ ಬೇಡದ ಕೂಸು. ಪಿರಿಯಡ್ ಕಡಿಮೆ ಇದ್ದವರಿಗೆ ಅಂಟಿಸ್ತಾರೆ. ಇತಿಹಾಸದವರು ಪಾಠ ಮಾಡಿದ್ದನ್ನೂ ನೋಡಿದ್ದೇನೆ, ಕಾಮರ್ಸಿನವರು ಮಾಡಿದ್ದನ್ನೂ ನೋಡಿದ್ದೇನೆ. ಅತಿಥಿ ಉಪನ್ಯಾಸಕರಿಗೆ ಸಂಬಳವೇ ನೆಟ್ಟಗೆ ಬರದಿರೋವಾಗ ಮಕ್ಕಳನ್ನು ಕರಕೊಂಡು ಗುಡ್ಡ ಹತ್ತು ಅಂದರೆ ಯಾರು ಹತ್ತುತ್ತಾರೆ? ಆದರೆ ಇದಕ್ಕೆ ಲ್ಯಾಬು ಬೇಡ, ಬಸ್ಸು ಬೇಡ. ಪ್ರತಿ ಹುಡುಗನ ಮನೆಯಲ್ಲಿ ಹೊಲ ಇದೆ, ಓಣಿಯಲ್ಲಿ ಗಟಾರ ಇದೆ. ಒಬ್ಬ ಇತಿಹಾಸದ ಮೇಷ್ಟ್ರು "ನಿಮ್ಮಜ್ಜ ಏನು ಬೆಳೀತಿದ್ದ, ನಿಮ್ಮಪ್ಪ ಏನು ಬೆಳೀತಾನೆ, ಬಾವಿ ನೀರು ಆಗ ಎಷ್ಟು ಆಳ, ಬೋರು ಈಗ ಎಷ್ಟು ಆಳ, ಕೇಳಿ ಬರಕೊಂಡು ಬಾ" ಅಂದರೆ ಸಾಕು. ಅದು ಇತಿಹಾಸವೂ ಹೌದು.

ಮೂರು: ರೈತರಿಗೆ ಇದೆಲ್ಲಾ ಮೊದಲೇ ಗೊತ್ತು, ಹಳೇ ಜ್ಞಾನ ಇದೆ. ಈ ಮಾತು ಬೆಂಗಳೂರಿನ ಕೆಫೆಯಲ್ಲಿ ಬಹಳ ಚೆನ್ನಾಗಿ ಕೇಳುತ್ತೆ. ಅಜ್ಜನಿಗೆ ಗೊತ್ತಿತ್ತು, ಒಪ್ತೀನಿ. ಜೋಳದ ಸುತ್ತ ಮುಳ್ಳಿನ ಕುಸುಬಿ ಬಿತ್ತಿದರೆ ದನ ಒಳಗೆ ಬರಲ್ಲ ಅಂತ ಗೊತ್ತಿತ್ತು, ಎಳ್ಳ ಅಮಾಸಿಗೆ ಚರಗ ಚೆಲ್ಲುವಾಗ ಭೂಮಿಗೂ ಉಣ್ಣಲು ಬೇಕು ಅಂತ ಗೊತ್ತಿತ್ತು. ಆದರೆ ಅಜ್ಜನ ಜ್ಞಾನ ಮಳೆ ನಂಬಿದ ಹೊಲದ್ದು. ಕಾಲುವೆ ನೀರು, ಬಿಟಿ ಬೀಜ ಇವು ಅವನು ಕಾಣದ ಲೋಕ. ಅಪ್ಪ ಉಪ್ಪು ತೊಳೆಯಲು ನೀರು ಬಿಟ್ಟದ್ದು ದಡ್ಡತನದಿಂದಲ್ಲ, ಅವನಿಗೆ ಗೊತ್ತಿದ್ದ ಲೆಕ್ಕದಲ್ಲಿ ಅದು ಸರಿಯೇ ಇತ್ತು. ಇಲ್ಲಿ ವಿಜ್ಞಾನ ಬೇಕಿತ್ತು. ಅದು ಮನೆಗೆ ಬಂದಿತ್ತು ಕೂಡ, ನನ್ನ ಬ್ಯಾಗಿನಲ್ಲಿ. ಆದರೆ ಪರೀಕ್ಷೆಯ ಭಾಷೆಯಲ್ಲಿ ಬಂದಿತ್ತು, ಹೊಲದ ಭಾಷೆಯಲ್ಲಿ ಬರಲಿಲ್ಲ.

ಕೊನೆಗೆ ನಮ್ಮ ಬಗ್ಗೆ ಒಂದು ಮಾತು. ನಾನು, ನೀವು, ಹಳ್ಳಿಯಿಂದ ಬಂದು ವೈಟ್‌ಫೀಲ್ಡಿನಲ್ಲಿ ಕೂತವರು. ಬಿದಿರಿನ ಬ್ರಷ್ಷಿನಲ್ಲಿ ಹಲ್ಲುಜ್ಜಿ, ಸ್ಟೀಲ್ ಸ್ಟ್ರಾದಲ್ಲಿ ಜ್ಯೂಸ್ ಕುಡಿದು, ಅಮೆಜಾನ್ ಕಾಡಿಗೆ ಬೆಂಕಿ ಬಿದ್ದರೆ ಡಿಪಿ ಬದಲಾಯಿಸೋರು. ತಪ್ಪೇನಿಲ್ಲ. ಆದರೆ ಊರಿನ ಹೊಲದ ಪಹಣಿಯಲ್ಲಿ ನಮ್ಮ ಹೆಸರಿದೆ, ಆ ಹೊಲದ ಮಣ್ಣು ಯಾವತ್ತಾದರೂ ಪರೀಕ್ಷೆ ಮಾಡಿಸಿದ್ದೀವಾ? ದೀಪಾವಳಿಗೆ ಊರಿಗೆ ಹೋಗಿ ಅಪ್ಪನಿಗೆ ಹೊಸ ಫೋನು ಕೊಡಿಸ್ತೀವಿ, ಬೋರು ಫೇಲಾದರೆ ಇನ್ನೊಂದು ಕೊರೆಸಲು ದುಡ್ಡು ಕಳಿಸ್ತೀವಿ. ನಾನು ಹಾಗೆ ಎರಡು ಸಲ ಕಳಿಸಿದ್ದೇನೆ. ಮಕ್ಕಳು ಫೋನ್ ಮಾಡಿ ಪ್ರಾಜೆಕ್ಟ್ ಕೇಳಿದರೆ ಇಂಟರ್ನೆಟ್ಟಿನಿಂದ ಇಳಿಸಿ ಕಳಿಸಿ "ಆಯ್ತಾ ಪುಟ್ಟಾ" ಅಂತೀವಿ. ಝೆರಾಕ್ಸ್ ಅಂಗಡಿಯ ಇನ್ನೊಂದು ತುದಿಯಲ್ಲಿ ಕೂತವರು ನಾವೇ.

ನಾನು ಕೇಳೋದು ದೊಡ್ಡದೇನಲ್ಲ. ಆ 25 ಅಂಕವನ್ನು ಮಕ್ಕಳ ಸ್ವಂತ ಊರಿಗೆ ಕಟ್ಟಿಹಾಕಿ: ತನ್ನ ತಾಲೂಕಿನ ಹೊರಗಿನ ವಿಷಯಕ್ಕೆ ಅಂಕ ಇಲ್ಲ ಅನ್ನಿ. ಪ್ರಾಜೆಕ್ಟ್ ಕೈಬರಹದಲ್ಲಿರಲಿ, ಅದರಲ್ಲಿ ಕನಿಷ್ಠ ಮೂರು ಮಂದಿ ಹಿರಿಯರ ಮಾತಿರಲಿ, ಮಕ್ಕಳೇ ಅಳೆದ ಒಂದು ಅಂಕಿ ಇರಲಿ. ಬರೆದದ್ದನ್ನು ಕಾಲೇಜಿನ ಕಪಾಟಿನಲ್ಲಿ ಕೊಳೆಸಬೇಡಿ, ಗ್ರಾಮ ಪಂಚಾಯ್ತಿಗೆ ಒಂದು ಪ್ರತಿ ಕೊಡಿ. ಹತ್ತು ವರ್ಷ ಹೀಗೆ ನಡೆದರೆ ಯಾವ ಊರಿನಲ್ಲಿ ಎಷ್ಟು ಸವಳು, ಯಾವ ಹಳ್ಳದಲ್ಲಿ ಎಷ್ಟು ತಿಂಗಳು ನೀರು, ಯಾವ ಗುಡ್ಡದಲ್ಲಿ ಯಾವ ಹುಲ್ಲು ಅನ್ನೋ ದಾಖಲೆ ನಾಲ್ಕೂ ತಾಲೂಕಿಗೆ ಸಿಗುತ್ತೆ. ಒಂದು ರೂಪಾಯಿ ಖರ್ಚಿಲ್ಲದೆ.

ಅಕ್ಕನ ಮಗಳಿಗೆ ಸುಂದರಬನ ಮಾಡಿಕೊಡಲ್ಲ ಅಂದೆ. ಎರಡು ದಿನ ಮಾತಾಡಲಿಲ್ಲ. ಅಕ್ಕ ಫೋನ್ ಮಾಡಿ "ಕೂಸಿಗೆ ಮಾರ್ಕ್ಸ್ ಹೋದ್ರ ನೀ ಕೊಡ್ತಿ ಏನು?" ಅಂತ ಬೈದಳು. ಮೂರನೇ ದಿನ ವಾಟ್ಸ್ಯಾಪಿಗೆ ಒಂದು ಫೋಟೋ ಬಂತು: ಮನೆಯ ಗೋಡೆ, ನೀರಿನ ಗೆರೆ, ಪಕ್ಕದಲ್ಲಿ ಅವರಪ್ಪನ ಅಳತೆ ಟೇಪು. ನಾಲ್ಕು ಫೂಟು ಏಳು ಇಂಚು. ಆಮೇಲೆ ಓಣಿಯ ಇನ್ನೂ ಹನ್ನೊಂದು ಮನೆಗಳ ಫೋಟೋ, ಹನ್ನೊಂದು ಅಳತೆ. ಹೊಳೆ ಕಡೆಯಿಂದ ಮೇಲಕ್ಕೆ ಹೋದ ಹಾಗೆ ಅಂಕಿ ಕಡಿಮೆಯಾಗ್ತಾ ಹೋಗಿದೆ. ಅದನ್ನೇ ಗ್ರಾಫ್ ಮಾಡಿದ್ದಾಳೆ, ಪೆನ್ಸಿಲ್ಲಿನಲ್ಲಿ.

ಅಂಕ ಎಷ್ಟು ಬರುತ್ತೋ ಇನ್ನೂ ಗೊತ್ತಿಲ್ಲ. ನಿನ್ನೆ ರಾತ್ರಿ ಮತ್ತೆ ಫೋನು. "ಮಾಮಾ, ಅಜ್ಜನ ಹೊಲ ಬೆಳ್ಳಗಾಗೇತಲ್ರಿ, ಅದನ್ನೂ ಇದರಾಗ ಹಾಕಬಹುದೇನು?"

ಹಾಕವಾ, ಅಂದೆ. ಅಜ್ಜನ್ನೂ ಕೇಳಿ ಬರಕೋ.